ಹತ್ತುವ ಮೊದಲು ಇಳಿಯುವ ಪಾಠ

ಒಂದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಬೆಂಗಳೂರಿನ ತರಬೇತಿ ಕೇಂದ್ರವೊಂದರಲ್ಲಿ ಬಟ್ಟೆ ಹಿಡಿದು ಮೇಲೆ ಹತ್ತುವುದನ್ನು ಕಲಿಯುತ್ತಿದ್ದೇನೆ. ಛಾವಣಿಯಿಂದ ಎರಡು ಉದ್ದನೆಯ ಬಟ್ಟೆಗಳು ಇಳಿಬಿದ್ದಿರುತ್ತವೆ. ಅವನ್ನು ಕಾಲಿಗೆ, ಸೊಂಟಕ್ಕೆ ಸುತ್ತಿಕೊಂಡು ಗಾಳಿಯಲ್ಲಿ ನಿಲ್ಲುವ ಈ ಸರ್ಕಸ್ ಕಲೆಗೆ ಏರಿಯಲ್ ಸಿಲ್ಕ್ಸ್ ಎಂದು ಹೆಸರು. ನನಗಿದು ಹವ್ಯಾಸ ಮಾತ್ರ. ಆದರೆ ಅಭ್ಯಾಸ ಬೋಧನೆಯಲ್ಲಿ ನಾನು ಮಾಡಿದ ಒಂದು ತಪ್ಪು ನನಗೆ ಅರ್ಥವಾದದ್ದು ಈ ಬಟ್ಟೆಯ ಮೇಲೆಯೇ.

ಎಂಟನೇ ತರಗತಿಗೆ ರೇಖಾತ್ಮಕ ಸಮೀಕರಣ ಕಲಿಸುತ್ತಿದ್ದೆ. 2x + 6 = 20 ಎಂಬ ಲೆಕ್ಕ ಬಿಡಿಸಲು ಒಬ್ಬ ಹುಡುಗಿಯನ್ನು ಕಪ್ಪುಹಲಗೆಗೆ ಕರೆದೆ. ಅವಳು ಚಿಹ್ನೆ ಬದಲಿಸಲು ಮರೆತು 2x = 26 ಎಂದು ಬರೆದಳು. ತರಗತಿ ನಕ್ಕಿತು. ಧೈರ್ಯ ತುಂಬಲೆಂದು ನಾನು, "ಸುಲಭ ಇದೆಯಮ್ಮಾ, ಯೋಚನೆ ಮಾಡು" ಎಂದೆ. ಅವಳು ಸೀಮೆಸುಣ್ಣ ಹಿಡಿದು ಹಾಗೇ ನಿಂತಳು. ಆಮೇಲೆ ಎರಡು ವಾರ ಕೈ ಎತ್ತಲಿಲ್ಲ.

ಬಟ್ಟೆಯ ತರಗತಿಯಲ್ಲಿ ನಾನೇ ಆ ಹುಡುಗಿಯ ಸ್ಥಾನದಲ್ಲಿದ್ದೆ. ಮೊದಲ ದಿನ ಮೇಲಕ್ಕೆ ನೋಡುತ್ತ ನಿಂತಿದ್ದ ನನಗೆ ತರಬೇತುದಾರರು ಹೇಳಿದ್ದು ಇಷ್ಟೇ: "ಮೊದಲು ಇಳಿಯೋದು ಕಲೀರಿ, ಆಮೇಲೆ ಹತ್ತಿ."

ಬಟ್ಟೆಯನ್ನು ಒಂದು ಪಾದದ ಮೇಲೆ ಹಾಯಿಸಿ ಇನ್ನೊಂದು ಪಾದದಿಂದ ಒತ್ತಿ ಹಿಡಿದರೆ ಅದೇ ಮೆಟ್ಟಿಲಾಗುತ್ತದೆ. ಪಾದಕ್ಕೆ ಸರಿಯಾಗಿ ಸುತ್ತಿಕೊಂಡರೆ ನಮ್ಮ ಭಾರವೇ ಸುತ್ತನ್ನು ಬಿಗಿ ಮಾಡುತ್ತದೆ, ಘರ್ಷಣೆ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಇಳಿಯುವಾಗ ಜಾರಿದರೆ ಅದೇ ಘರ್ಷಣೆ ಚರ್ಮ ಸುಡುತ್ತದೆ. ಹಾಗಾಗಿ ಪಾದ ಸಡಿಲಿಸಿ, ಒಂದು ಕೈಯ ಕೆಳಗೆ ಇನ್ನೊಂದು ಕೈ ಇಡುತ್ತ ಇಳಿಯಬೇಕು. ನೆಲದಿಂದ ಎರಡು ಅಡಿ ಎತ್ತರದಲ್ಲಿ, ದಪ್ಪ ಹಾಸಿನ ಮೇಲೆ ಇದನ್ನೇ ಮತ್ತೆ ಮತ್ತೆ ಮಾಡಿದೆವು. ಇಳಿಯುವ ದಾರಿ ಗೊತ್ತಾದ ಮೇಲೆ ಎತ್ತರದ ಭಯ ಪೂರ್ತಿ ಹೋಗಲಿಲ್ಲ, ಆದರೆ ಕೈಕಾಲು ಕಟ್ಟಿಹಾಕುವಷ್ಟು ಉಳಿಯಲಿಲ್ಲ.

ಈ ಕ್ರಮ ಹೊಸದೇನಲ್ಲ. 1859ರಲ್ಲಿ ಪ್ಯಾರಿಸ್ಸಿನಲ್ಲಿ ಟ್ರಪೀಜ್ ಪ್ರದರ್ಶಿಸಿ ಹೆಸರಾದ ಜೂಲ್ ಲಿಯೋಟಾರ್, ಅದಕ್ಕೆ ಮುಂಚೆ ಈಜುಕೊಳದ ಮೇಲೆ ಅಭ್ಯಾಸ ಮಾಡಿದ್ದರು. ಬೀಳುವ ಜಾಗ ಮೊದಲು ಸಿದ್ಧವಾಗಿತ್ತು, ಹಾರಾಟ ಆಮೇಲೆ. ನಮ್ಮಲ್ಲಿ 1901ರಲ್ಲಿ ತಲಶ್ಶೇರಿ ಬಳಿಯ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದ ಕೀಲೇರಿ ಕುಂಞಿಕಣ್ಣನ್ ಕೂಡ ವ್ಯಾಯಾಮ ಕಲಿಸುತ್ತಿದ್ದ ಶಿಕ್ಷಕರೇ.

ನನ್ನ ತಪ್ಪು ಆಗ ಕಂಡಿತು. ಆ ಹುಡುಗಿಗೆ ಹತ್ತುವುದನ್ನು ಹೇಳಿಕೊಟ್ಟಿದ್ದೆ, ಇಳಿಯುವುದನ್ನಲ್ಲ. "ಸುಲಭ" ಎಂಬ ನನ್ನ ಮಾತು ಅವಳ ಕಷ್ಟವನ್ನು ಇನ್ನಷ್ಟು ಅವಮಾನ ಮಾಡಿತ್ತು.

ಮುಂದಿನ ಪಾಠದಲ್ಲಿ ಬಿಡಿಸುವುದಕ್ಕಿಂತ ಮೊದಲು ತಾಳೆ ನೋಡುವುದನ್ನು ಕಲಿಸಿದೆ. ನಾನೇ ತಪ್ಪಾಗಿ x = 13 ಎಂದು ಬರೆದು, "ಇದು ಸರಿಯೇ? ಹಾಕಿ ನೋಡಿ" ಎಂದೆ. 26ಕ್ಕೆ 6 ಕೂಡಿದರೆ 32. ನಮಗೆ ಬೇಕಿದ್ದದ್ದು 20. ತಪ್ಪನ್ನು ಮಕ್ಕಳೇ ಹಿಡಿದರು, ಸರಿಪಡಿಸಿ 7 ತಂದರು. ಆ ಹುಡುಗಿ ಅಂದೂ ಹಲಗೆಯ ಬಳಿ ಬರಲಿಲ್ಲ. ಆದರೆ ತನ್ನ ಪುಸ್ತಕದಲ್ಲಿ ಉತ್ತರ ಹೊಡೆದುಹಾಕಿ, ತಾಳೆ ನೋಡಿ, ಮತ್ತೆ ಬರೆದಿದ್ದಳು. ನಾಲ್ಕನೆಯ ದಿನ ಕೈ ಎತ್ತಿದಳು.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ಸಲಹೆ. ಪಾಠಯೋಜನೆಯಲ್ಲಿ ಕಲಿಕಾ ಚಟುವಟಿಕೆಯ ಪಕ್ಕದಲ್ಲೇ ಒಂದು ಸಾಲು ಬರೆದುಕೊಳ್ಳಿ: ಇಲ್ಲಿ ಮಗು ತಪ್ಪಿದರೆ ತಾನೇ ಹಿಂದಿರುಗಿ ಬರುವ ದಾರಿ ಯಾವುದು? ಆ ಸಾಲು ಖಾಲಿ ಉಳಿದರೆ, ಮಗುವನ್ನು ಹಲಗೆಗೆ ಕರೆಯಲು ನಾವಿನ್ನೂ ಸಿದ್ಧರಾಗಿಲ್ಲ ಎಂದರ್ಥ.