ಅಳಿಸಿದ ಹೆಸರು ಎಲ್ಲಿ ಉಳಿಯುತ್ತದೆ?

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಇವತ್ತು ಊರಿಗೆ ಬರುವ ಬಸ್ಸಿನ ಬೋರ್ಡಿನಲ್ಲಿ ಆ ಹೆಸರಿಲ್ಲ. ಹಳೆಯ ನಕ್ಷೆ ಬಿಚ್ಚಿದರೆ ಮಾತ್ರ ಸಿಗುತ್ತದೆ. ಜಾವಾ ಪ್ರೋಗ್ರಾಮಿಂಗ್ ಭಾಷೆಯ ಜೆನೆರಿಕ್ ಟೈಪುಗಳ ಪಾಡೂ ಇದೇ.

ಆಲೆಮನೆಯೊಂದರ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೀರಿ ಎನ್ನಿ. ‘ಅರೇಲಿಸ್ಟ್<ಬೆಲ್ಲ>’ ಎಂದು ಬರೆದ ಪಟ್ಟಿಗೆ ಕಬ್ಬನ್ನು ಸೇರಿಸಲು ಹೋದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ತಪಾಸಣೆ ಮುಗಿದ ಮೇಲೆ ಆ ‘ಬೆಲ್ಲ’ ಎಂಬ ಚೀಟಿಯನ್ನು ಕಿತ್ತುಹಾಕುತ್ತದೆ. ಪ್ರೋಗ್ರಾಂ ಓಡುವಾಗ ಬೆಲ್ಲದ ಪಟ್ಟಿಗೂ ಕಬ್ಬಿನ ಪಟ್ಟಿಗೂ ಕ್ಲಾಸ್ ಒಂದೇ: ಬರೀ ಅರೇಲಿಸ್ಟ್. ಇದಕ್ಕೆ ‘ಟೈಪ್ ಇರೇಷರ್’ ಎನ್ನುತ್ತಾರೆ.

ಹೀಗೇಕೆ ಮಾಡಿದರು? ಜೆನೆರಿಕ್ಸ್ ಬಂದದ್ದು 2004ರ ಜಾವಾ 5ರಲ್ಲಿ. ಪಟ್ಟಿ, ಮ್ಯಾಪುಗಳ ಲೈಬ್ರರಿ 1998ರಿಂದಲೇ ಬಳಕೆಯಲ್ಲಿತ್ತು. ಅದನ್ನು ನಂಬಿ ಬರೆದಿದ್ದ ಹಳೆಯ ಕೋಡ್ ಹೊಸದರ ಜೊತೆ ಕೆಡದೆ ಓಡಬೇಕಿತ್ತು. ಅದಕ್ಕಾಗಿ ಚೀಟಿಯನ್ನು ಬಿಟ್ಟುಕೊಟ್ಟರು. ಮೈಕ್ರೋಸಾಫ್ಟ್‌ನ ಸಿ-ಶಾರ್ಪ್ ಬೇರೆ ದಾರಿ ಹಿಡಿಯಿತು. ಅಲ್ಲಿ ಓಡುವಾಗಲೂ ಟೈಪ್ ಉಳಿದಿರುತ್ತದೆ.

ಆದರೆ ಜಾವಾ ಎಲ್ಲವನ್ನೂ ಅಳಿಸುವುದಿಲ್ಲ. ವಸ್ತುವಿನ ಮೈಮೇಲಿನ ಚೀಟಿ ಹೋದರೂ, ಕ್ಲಾಸ್ ಫೈಲಿನಲ್ಲಿ ‘ಸಿಗ್ನೇಚರ್’ ಎಂಬ ದಾಖಲೆ ಉಳಿಯುತ್ತದೆ. ಕ್ಲಾಸು ಯಾವುದರಿಂದ ಹುಟ್ಟಿತು, ಫೀಲ್ಡು ಯಾವ ಟೈಪಿನದು, ಮೆಥಡ್ ಏನನ್ನು ಪಡೆದು ಏನನ್ನು ಕೊಡುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ.

ಅದನ್ನು ಓದುವ ಬಗೆ ಹೀಗೆ. ‘ಬೆಲ್ಲದಪಟ್ಟಿ’ ಎಂಬ ಕ್ಲಾಸನ್ನು ಅರೇಲಿಸ್ಟ್<ಬೆಲ್ಲ>ದಿಂದ ವಿಸ್ತರಿಸಿ. ಓಡುವಾಗ ಆ ಕ್ಲಾಸಿನ ಮೇಲೆ ‘ಗೆಟ್‌ಜೆನೆರಿಕ್‌ಸೂಪರ್‌ಕ್ಲಾಸ್’ ಎಂಬ ಮೆಥಡನ್ನು ಕರೆದರೆ ‘ಪ್ಯಾರಾಮೀಟರೈಸ್ಡ್‌ಟೈಪ್’ ಸಿಗುತ್ತದೆ. ಅದಕ್ಕೆ ‘ಗೆಟ್‌ಆ್ಯಕ್ಚುಯಲ್‌ಟೈಪ್‌ಆರ್ಗ್ಯುಮೆಂಟ್ಸ್’ ಎಂದು ಕೇಳಿದರೆ ಬೆಲ್ಲ ಹೊರಬರುತ್ತದೆ.

ಪ್ರತಿಸಲ ಹೆಸರಿಟ್ಟು ಕ್ಲಾಸ್ ಬರೆಯಬೇಕಿಲ್ಲ. ‘ನ್ಯೂ’ ಎಂದು ವಸ್ತು ಕಟ್ಟುವ ಸಾಲಿನ ಕೊನೆಗೆ ಖಾಲಿ ಪುಷ್ಪಾವರಣ ಹಾಕಿದರೆ ಹೆಸರಿಲ್ಲದ ಉಪಕ್ಲಾಸೊಂದು ಹುಟ್ಟುತ್ತದೆ. ದಾಖಲೆಯೂ ಅದರೊಡನೆ ಹುಟ್ಟುತ್ತದೆ. ನೀಲ್ ಗ್ಯಾಫ್ಟರ್ 2006ರಲ್ಲಿ ಈ ಉಪಾಯಕ್ಕೆ ‘ಸೂಪರ್ ಟೈಪ್ ಟೋಕನ್’ ಎಂದು ಹೆಸರಿಟ್ಟರು. ಜೇಸನ್ ಕಡತ ಓದುವ ಗೂಗಲ್‌ನ ಜಿಸನ್ ಲೈಬ್ರರಿಯ ‘ಟೈಪ್‌ಟೋಕನ್’ ಇದನ್ನೇ ನೆಚ್ಚಿಕೊಂಡಿದೆ. ಒಂಟಿ ಟೈಪಾದರೆ ಇಷ್ಟು ಸಾಹಸವೂ ಬೇಡ; ‘ಬೆಲ್ಲ.ಕ್ಲಾಸ್’ ಎಂಬುದನ್ನು ಕನ್‌ಸ್ಟ್ರಕ್ಟರಿಗೆ ಕೊಟ್ಟು ಇಟ್ಟುಕೊಂಡರೆ ಸಾಕು.

ಒಂದು ಎಚ್ಚರ. ಉಪಕ್ಲಾಸ್ ಬರೆಯುವ ಜಾಗದಲ್ಲಿ ಬೆಲ್ಲ ಎನ್ನದೆ, ಯಾವ ಟೈಪಿಗಾದರೂ ನಿಲ್ಲಬಲ್ಲ ಬರೀ ‘ಟಿ’ ಎಂಬ ಅಕ್ಷರ ಬಿಟ್ಟಿದ್ದರೆ, ಹುಡುಕಿದಾಗ ಸಿಗುವುದೂ ಆ ‘ಟಿ’ ಮಾತ್ರ. ನಕ್ಷೆ ಬರೆದವನು ಹೆಸರು ಬರೆಯದಿದ್ದರೆ ನಕ್ಷೆಯೂ ಹೇಳದು. ಆದ್ದರಿಂದ ಮುಂದೆ ಬೇಕಾಗುವ ಟೈಪನ್ನು ಕೋಡ್ ಬರೆಯುವಾಗಲೇ ಕ್ಲಾಸಿನ ಘೋಷಣೆಯಲ್ಲಿ ಸ್ಪಷ್ಟವಾಗಿ ಬರೆದಿಡಿ.