ಒಂದೇ ಇಳಿಜಾರು, ಒಬ್ಬರೇ ಮಾಸ್ತರು

ಮನಾಲಿ ಪ್ಯಾಕೇಜ್ ಟೂರ್ ಮುಗಿಸಿ ಬಂದವರ ಮೊಬೈಲಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಬಾಡಿಗೆಯ ಕೆಂಪು ಕೋಟು, ಕಾಲಿಗೆ ಉದ್ದನೆಯ ಸ್ಕೀ ಹಲಗೆ, ಎರಡು ಕೈಯಲ್ಲೂ ಕೋಲು, ಮುಖದ ತುಂಬ ನಗು. ಫೋಟೊದಲ್ಲಿ ಕಾಣದಂತೆ ಪಕ್ಕದಲ್ಲಿ ಒಬ್ಬ ಹುಡುಗ ಇರುತ್ತಾನೆ. ಅವನು ಇವರನ್ನು ಹಿಡಿದುಕೊಂಡು ಇಪ್ಪತ್ತು ಅಡಿ ಕೆಳಗೆ ಬಿಟ್ಟು, ಹಲಗೆ ಬಿಚ್ಚಿ, ಮುಂದಿನ ಗಿರಾಕಿಯ ಕಾಲಿಗೆ ಕಟ್ಟುತ್ತಾನೆ. ಹತ್ತು ಹದಿನೈದು ನಿಮಿಷದ ಕೆಲಸ. ಊರಿಗೆ ಬಂದು "ಸ್ಕೀಯಿಂಗ್ ಮಾಡಿದ್ವಿ" ಅನ್ನುತ್ತಾರೆ. ಅನ್ನಲಿ, ತಪ್ಪೇನಿಲ್ಲ. ಆದರೆ ಅಷ್ಟು ದೂರ ಹೋದವರು ಇನ್ನು ಮೂರು ದಿನ ಅಲ್ಲೇ ಕೂತಿದ್ದರೆ ಯಾರೂ ಹಿಡಿಯದೆ ಇಳಿಯುವುದನ್ನು ಕಲಿತು ಬರಬಹುದಿತ್ತಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ನಾನು ದಾವಣಗೆರೆಯವಳು, ಅಂಚೆ ಕಚೇರಿಯಲ್ಲಿ ಕೆಲಸ. ಮನೆಯವರದು ಸ್ಟೇಷನರಿ ಅಂಗಡಿ. 2024ರ ಫೆಬ್ರುವರಿಯಲ್ಲಿ ಏಳನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ ಇಬ್ಬರನ್ನೂ ಕಟ್ಟಿಕೊಂಡು ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿತು ಬಂದೆವು. ಅಂದಿನಿಂದ ಕೌಂಟರಿಗೆ ಬಂದವರೂ ಕೇಳುತ್ತಾರೆ, "ಎಷ್ಟಾಯ್ತು ಮೇಡಂ?" ಇದು ಸಾಹುಕಾರರ ಆಟ ಎಂಬ ಮಾತು ಅರ್ಧ ನಿಜ. ಸ್ವಿಟ್ಜರ್ಲೆಂಡಿಗೆ ಹೋಗುವುದಾದರೆ ಪೂರ್ತಿ ನಿಜ. ನಮ್ಮ ಹಿಮಾಲಯದಲ್ಲಿ, ನಮ್ಮ ಲೆಕ್ಕಾಚಾರದಲ್ಲಿ ಮಾಡಿದರೆ ಮಧ್ಯಮ ವರ್ಗದ ಕೈಗೆ ಎಟುಕದ್ದೇನಲ್ಲ.

ಲೆಕ್ಕಾಚಾರದ ಗುಟ್ಟು ಇಷ್ಟೇ: ಊರೂರು ಸುತ್ತುವುದನ್ನು ಬಿಡಬೇಕು. ಶ್ರೀನಗರ, ಪಹಲ್ಗಾಮ್, ಸೋನ್‌ಮಾರ್ಗ್ ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸುವ ಆಸೆಗೆ ಬಿದ್ದರೆ ದುಡ್ಡೆಲ್ಲ ಟ್ಯಾಕ್ಸಿಗೆ ಹೋಗುತ್ತದೆ. ಒಂದೇ ಜಾಗ, ಒಬ್ಬರೇ ಮಾಸ್ತರು, ಸತತ ನಾಲ್ಕು ದಿನ. ಮೊದಲ ದಿನ ಬೀಳುತ್ತೀರಿ, ಎರಡನೇ ದಿನ ಮೈಕೈ ನೋಯುತ್ತದೆ, ಮೂರನೇ ದಿನ ಕಾಲು ಮಾತು ಕೇಳಲು ಶುರು ಮಾಡುತ್ತದೆ. ಎರಡನೇ ದಿನಕ್ಕೆ ಗಂಟುಮೂಟೆ ಕಟ್ಟಿದವರಿಗೆ ನೋವಷ್ಟೇ ಲಾಭ.

ಪ್ರಯಾಣದ ಖರ್ಚನ್ನು ಮೊದಲು ನೋಡೋಣ, ಅದೇ ದೊಡ್ಡದು. ಕೇಂದ್ರ ಸರ್ಕಾರಿ ನೌಕರರಿಗೆ ರಜೆ ಪ್ರಯಾಣದ ಸೌಲಭ್ಯವಾದ ಎಲ್‌ಟಿಸಿಯಲ್ಲಿ ಒಂದು ವಿಶೇಷ ರಿಯಾಯಿತಿ ಇದೆ. ನಾಲ್ಕು ವರ್ಷದ ಬ್ಲಾಕಿನಲ್ಲಿ ಸ್ವಂತ ಊರಿಗೆ ಹೋಗುವ ಒಂದು ಎಲ್‌ಟಿಸಿಯನ್ನು ಜಮ್ಮು-ಕಾಶ್ಮೀರಕ್ಕೆ ಬದಲಾಯಿಸಿಕೊಳ್ಳಬಹುದು. ವಿಮಾನಕ್ಕೆ ಅರ್ಹತೆಯಿಲ್ಲದ ನನ್ನಂಥ ಕೆಳದರ್ಜೆಯವರೂ ದೆಹಲಿಯಿಂದಾಚೆಗೆ ಶ್ರೀನಗರಕ್ಕೆ ಎಕಾನಮಿ ಕ್ಲಾಸಿನಲ್ಲಿ ಹಾರಬಹುದು. ಟಿಕೆಟ್ ಮಾತ್ರ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲೊಂದರ ಮೂಲಕವೇ ತೆಗೆದುಕೊಂಡಿರಬೇಕು. ಈ ರಿಯಾಯಿತಿಯನ್ನು ಎರಡೆರಡು ವರ್ಷಕ್ಕೆ ವಿಸ್ತರಿಸುತ್ತ ಬಂದಿದ್ದಾರೆ. 2024ರಲ್ಲಿ ವಿಸ್ತರಿಸಿದ ಅವಧಿ 2026ರ ಸೆಪ್ಟೆಂಬರ್ 25ಕ್ಕೆ ಮುಗಿಯುತ್ತದೆ, ಮುಂದಿನ ಆದೇಶ ನೋಡಿಕೊಂಡೇ ಅರ್ಜಿ ಹಾಕಿ. ಜೊತೆಗೆ ಎಲ್‌ಟಿಸಿ ಹೊತ್ತಿನಲ್ಲಿ ಹತ್ತು ದಿನದ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಬಹುದು. ನಮ್ಮ ಮಾಸ್ತರರ ಸಂಬಳ, ಸ್ಕೀ ಬಾಡಿಗೆ ಎಲ್ಲ ಹುಟ್ಟಿದ್ದು ಆ ದುಡ್ಡಿನಲ್ಲೇ. ಖಾಸಗಿ ಕಂಪನಿಯವರಾದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಎಲ್‌ಟಿಎ ವಿನಾಯಿತಿ ಸಿಗುತ್ತದೆ, ಅದೂ ಪ್ರಯಾಣದ ಟಿಕೆಟ್ಟಿಗೆ ಮಾತ್ರ.

ಇದ್ಯಾವುದೂ ಇಲ್ಲದವರಿಗೆ ಈಗ ರೈಲಿದೆ. ನಾವು ಹೋದಾಗ ಇರಲಿಲ್ಲ. 2025ರ ಜೂನ್‌ನಲ್ಲಿ ಚಿನಾಬ್ ಸೇತುವೆ ಉದ್ಘಾಟನೆಯಾಗಿ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡುತ್ತಿದೆ, ಸುಮಾರು ಮೂರು ಗಂಟೆಯ ದಾರಿ. ವೈಷ್ಣೋದೇವಿಯ ದರ್ಶನವನ್ನೂ ಸೇರಿಸಿಕೊಂಡರೆ ಮನೆಯ ಹಿರಿಯರ ಒಪ್ಪಿಗೆ ಸಲೀಸಾಗಿ ಸಿಗುತ್ತದೆ. ನಮ್ಮತ್ತೆ ಮೊದಲು ಹೇಳಿದ್ದು, "ಕೈಕಾಲು ಮುರ್ಕಳಾಕೆ ಅಷ್ಟು ದೂರ ಹೋಗ್ಬೇಕೇನವ್ವಾ?" ಎಂದು.

ಅತ್ತೆಯ ಮಾತಿನಲ್ಲಿದ್ದ ಭಯಕ್ಕೆ ಈಗ ಬೇರೆ ಕಾರಣವೂ ಸೇರಿದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆಮೇಲೆ ಕಾಶ್ಮೀರಕ್ಕೆ ಹೋಗಿ ಎಂದು ಯಾರಿಗೂ ಒತ್ತಾಯಿಸುವ ಧೈರ್ಯ ನನಗಿಲ್ಲ, ಹೋಗಬೇಡಿ ಎನ್ನಲೂ ಬಾಯಿ ಬಾರದು. ಅದು ಮನೆಮಂದಿ ಕೂತು ತೀರ್ಮಾನಿಸಬೇಕಾದ ಮಾತು. ಬೇಡವೆನಿಸಿದರೆ ಮನಾಲಿಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ದೂರದ ಸೋಲಾಂಗ್ ಇದೆ. ಯಶವಂತಪುರದಿಂದ ಹುಬ್ಬಳ್ಳಿ ಮೇಲೆ ಹೋಗುವ ಸಂಪರ್ಕ ಕ್ರಾಂತಿ ರೈಲು ಚಂಡೀಗಢಕ್ಕೆ ಮುಟ್ಟಿಸುತ್ತದೆ, ಅಲ್ಲಿಂದ ಬಸ್ಸು. ಇಳಿಜಾರು ಚಿಕ್ಕದು, ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋದವರಿಗಷ್ಟೇ ಜಾಗ. ಉತ್ತರಾಖಂಡದ ಔಲಿ ಹೊಸಬರಿಗೆ ಬಲು ಒಳ್ಳೆಯ ಇಳಿಜಾರು, ಎದುರಿಗೇ ನಂದಾದೇವಿ. ಶೃಂಗೇರಿಯಂತೆಯೇ ಶಂಕರರ ನಾಲ್ಕು ಪೀಠಗಳಲ್ಲೊಂದಾದ ಜೋಶಿಮಠ ಅದರ ಬುಡದಲ್ಲಿದೆ. ಆದರೆ 2023ರ ಜನವರಿಯಲ್ಲಿ ಜೋಶಿಮಠದ ನೆಲ ಬಿರುಕುಬಿಟ್ಟು ಕುಸಿದಾಗ ಅಲ್ಲಿನ ನಾಲ್ಕು ಕಿಲೋಮೀಟರಿನ ರೋಪ್‌ವೇ ನಿಲ್ಲಿಸಿದರು. ಋಷಿಕೇಶದಿಂದ ಇಡೀ ದಿನದ ಘಾಟಿ ರಸ್ತೆ ಬೇರೆ. ಚಿಕ್ಕ ಮಕ್ಕಳಿದ್ದರೆ ಯೋಚನೆ ಮಾಡಿ.

ನಮ್ಮವರಿಗೆ ಹಿಮಕ್ಕಿಂತ ದೊಡ್ಡ ತೊಡಕು ಶಾಲೆಯದು. ದಸರಾ ರಜೆಯಲ್ಲಿ ಹಿಮ ಇರುವುದಿಲ್ಲ, ಬೇಸಿಗೆ ರಜೆಯ ಹೊತ್ತಿಗೆ ಕರಗಿರುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ದೇಶಕ್ಕೆ ದೇಶವೇ ಅಲ್ಲಿ ನೆರೆದಿರುತ್ತದೆ, ರೂಮಿನ ಬಾಡಿಗೆ ಕೇಳಿದರೇ ಚಳಿ ಬಿಡುತ್ತದೆ. ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಯನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಅದು ಮುಗಿದ ಮೇಲಿನ ಫೆಬ್ರುವರಿಯೇ ಕಲಿಯುವವರಿಗೆ ಸರಿಯಾದ ಕಾಲ: ಹಿಮ ಗಟ್ಟಿಯಾಗಿ ಕೂತಿರುತ್ತದೆ, ಬಿಸಿಲೂ ಇರುತ್ತದೆ. ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ಒಂದು ವಾರ ರಜೆ ಕೇಳಿ. ಮಕ್ಕಳು ಎಸ್ಸೆಸ್ಸೆಲ್ಸಿಗೆ ಬರುವ ಮುಂಚೆ ಹೋಗಿಬಿಡಿ, ಆಮೇಲೆ ಪಿಯುಸಿ, ಸಿಇಟಿ ಎಂದು ಮನೆಯೇ ಟ್ಯೂಷನ್ ಸೆಂಟರ್ ಆಗಿರುತ್ತದೆ.

ಹಾಗಂತ ಹಿಮ ಯಾರಿಗೂ ಬರೆದುಕೊಟ್ಟಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬರಿನೆಲದ ಚಿತ್ರಗಳು ಪೇಪರಿನಲ್ಲಿ ಬಂದು ನಮ್ಮ ನಿದ್ದೆ ಕೆಡಿಸಿದ್ದವು, ತಿಂಗಳ ಕೊನೆಗೆ ಸುರಿಯಿತು. 2025ರಲ್ಲಂತೂ ಫೆಬ್ರುವರಿ 22ಕ್ಕೆ ನಿಗದಿಯಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಸ್ಪರ್ಧೆಗಳನ್ನೇ ಹಿಮವಿಲ್ಲದೆ ಮಾರ್ಚ್‌ಗೆ ತಳ್ಳಿದರು. ಅದಕ್ಕೇ ರೂಮು ಗೊತ್ತು ಮಾಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ರದ್ದು ಮಾಡಿದರೆ ದುಡ್ಡು ವಾಪಸ್ಸು ಕೊಡುತ್ತೀರಾ? ಎರಡನೆಯದು: ರಾತ್ರಿ ಬುಖಾರಿ ಹಚ್ಚುತ್ತೀರಾ, ಅದರ ಕಟ್ಟಿಗೆ ಬಾಡಿಗೆಯಲ್ಲೇ ಸೇರಿದೆಯಾ, ಬೇರೆಯಾ? ಬುಖಾರಿ ಎಂದರೆ ಕೋಣೆಯ ನಡುವಿನ ತಗಡಿನ ಒಲೆ, ಹೊಗೆ ಕೊಳವೆಯಲ್ಲಿ ಚಾವಣಿಯಾಚೆ ಹೋಗುತ್ತದೆ.

ಬಾಡಿಗೆ ಉಳಿಸಲು ಹದಿಮೂರು ಕಿಲೋಮೀಟರ್ ಕೆಳಗಿನ ತಂಗ್‌ಮಾರ್ಗ್‌ನಲ್ಲಿ ಇಳಿದುಕೊಳ್ಳುವವರಿದ್ದಾರೆ. ಇಬ್ಬರೇ ಇದ್ದರೆ ಸರಿ. ಹಿಮ ಬಿದ್ದ ದಿನ ಅಲ್ಲಿಂದ ಮೇಲೆ ಹೋಗಲು ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು. ದಿನಾ ಅದರ ಬಾಡಿಗೆ, ದಿನಾ ಕಾಯುವುದು, ಕಲಿಯುವ ಬೆಳಗಿನ ಹೊತ್ತು ರಸ್ತೆಯಲ್ಲೇ ಕಳೆಯುವುದು. ಮಕ್ಕಳಿರುವವರು ಮೇಲೆಯೇ ಸಾಧಾರಣ ಲಾಡ್ಜ್ ಹುಡುಕುವುದು ಮೇಲು. ಅಂದ ಹಾಗೆ ಈ ತಂಗ್‌ಮಾರ್ಗ್ ಸ್ಕೀ ಪಟು ಆರಿಫ್ ಖಾನ್‌ನ ಊರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವನು ಅವನೊಬ್ಬನೇ. ಹಿಮ ಕಾಣದ ನಮ್ಮ ನಾಡಿನವರೂ ಹಿಂದೆ ಬಿದ್ದಿಲ್ಲ: ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾದ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ.

ಬಟ್ಟೆಗೆ ಸಾವಿರಗಟ್ಟಲೆ ಸುರಿಯಬೇಡಿ. ದಾವಣಗೆರೆಯಲ್ಲಿ ಮತ್ತೆಂದೂ ಹಾಕದ ದಪ್ಪ ಜಾಕೆಟ್, ನೀರು ಹಿಡಿಯದ ಪ್ಯಾಂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಮೈಗೆ ಅಂಟುವ ಥರ್ಮಲ್, ಉಣ್ಣೆಯ ಕಾಲುಚೀಲ, ನೀರು ಇಳಿಯದ ಕೈಗವಸು ಮಾತ್ರ ಸ್ವಂತದ್ದಿರಲಿ. ಹತ್ತಿ ಬನಿಯನ್, ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಕಣ್ಣಿಗೆ ಒಳ್ಳೆಯ ಕಪ್ಪು ಕನ್ನಡಕ ಬೇಕೇ ಬೇಕು. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣದ ಶೇ 80ರವರೆಗೂ ವಾಪಸ್ಸು ಮುಖಕ್ಕೆ ಹೊಡೆಯುತ್ತದೆ, ಗಲ್ಲದ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ.

ಇನ್ನು ಬಾಡಿಗೆ ಅಂಗಡಿ. ಇಲ್ಲಿ ಅವಸರ ಮಾಡಿದರೆ ಇಡೀ ಪ್ರವಾಸ ಕೆಡುತ್ತದೆ. ಸ್ಕೀ ಬೂಟು ನಮ್ಮ ಯಾವ ಬೂಟಿನಂತೆಯೂ ಅಲ್ಲ. ಹೊರಗಡೆ ಗಟ್ಟಿ ಪ್ಲಾಸ್ಟಿಕ್ಕು, ಒಳಗೆ ಮೆತ್ತನೆಯ ಇನ್ನೊಂದು ಬೂಟು, ಮುಂದೆ ನಾಲ್ಕು ಕ್ಲಿಪ್ಪು. ಅಳತೆ ಪಾದದ ಸೆಂಟಿಮೀಟರಿನಲ್ಲಿ. ಕಾಲುಚೀಲ ಒಂದೇ, ಥರ್ಮಲ್ಲಿನ ತುದಿಯನ್ನು ಬೂಟಿನೊಳಗೆ ತುರುಕಬಾರದು, ಮಡಿಕೆ ಬಿದ್ದ ಕಡೆ ಸಂಜೆಯ ಹೊತ್ತಿಗೆ ಬೊಬ್ಬೆ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮೂತಿಗೆ ತಾಗಬೇಕು, ಮಂಡಿ ಮುಂದಕ್ಕೆ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಮಗನಿಗೆ ಸಡಿಲ ಬೂಟು ಕೊಟ್ಟು "ಎರಡು ಸಾಕ್ಸ್ ಹಾಕಿ" ಅಂದವನ ಮಾತಿಗೆ ನಾನು ಒಪ್ಪಲಿಲ್ಲ. ನಾಲ್ಕನೆಯ ಜೊತೆ ಸರಿಹೋಯಿತು. ಅಂಗಡಿಯವನು ಗೊಣಗಿದ, ಗೊಣಗಲಿ.

ಬೂಟಿಗಿಂತ ಮುಖ್ಯವಾದದ್ದು ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್. ಬಿದ್ದಾಗ ಅದು ತಾನಾಗಿ ಕಳಚಿಕೊಳ್ಳಬೇಕು. ಇಲ್ಲದಿದ್ದರೆ ಹಲಗೆ ಒಂದು ಕಡೆ ತಿರುಗಿ, ಕಾಲು ಇನ್ನೊಂದು ಕಡೆ ತಿರುಗಿ ಮಂಡಿಯ ಕತೆ ಮುಗಿಯುತ್ತದೆ. ಎಷ್ಟು ಬಲಕ್ಕೆ ಕಳಚಬೇಕೆಂಬುದಕ್ಕೆ ಬೈಂಡಿಂಗ್‌ನ ಮುಂದೆ, ಹಿಂದೆ ಸಣ್ಣ ಕಿಂಡಿಗಳಲ್ಲಿ ಅಂಕಿ ಇರುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಕಲಿತವರೋ ಹೊಸಬರೋ ಎಂಬುದನ್ನು ನೋಡಿ ಸ್ಕ್ರೂಡ್ರೈವರಿನಲ್ಲಿ ತಿರುಗಿಸಬೇಕು. ಹಿಂದಿನ ಗಿರಾಕಿ ಎಂಬತ್ತು ಕೆಜಿಯ ಗಂಡಸಾಗಿದ್ದರೆ ಆ ಅಂಕಿ ನಿಮಗೆ ಆಗಿಬರುವುದಿಲ್ಲ. ತೂಕ ಹೇಳಲು ನಾಚಿಕೆ ಬೇಡ, ಸುಳ್ಳಂತೂ ಬೇಡವೇ ಬೇಡ. ನಿಮ್ಮ ಕಣ್ಣೆದುರೇ ತಿರುಗಿಸಿಕೊಡಲಿ. ಹೆಲ್ಮೆಟ್ ಇಲ್ಲ ಎನ್ನುವ ಅಂಗಡಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಮಾಸ್ತರರನ್ನು ಹುಡುಕುವುದು ಕಷ್ಟವಿಲ್ಲ, ಗಾಡಿ ಇಳಿಯುತ್ತಿದ್ದಂತೆ ಅವರೇ ಸುತ್ತುವರಿಯುತ್ತಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಚೀಟಿ ತೋರಿಸಿ ಎಂದರೆ ಅರ್ಧ ಗುಂಪು ಕರಗುತ್ತದೆ. ಉಳಿದವರಲ್ಲಿ ಮಕ್ಕಳನ್ನು ನೇರವಾಗಿ ಮಾತಾಡಿಸುವವರನ್ನು ಆರಿಸಿ. ದಿನಕ್ಕಿಷ್ಟು, ನಾಲ್ವರಿಗೂ ಸೇರಿ, ಇಷ್ಟು ಗಂಟೆ ಎಂದು ಮೊದಲೇ ಮಾತು ಮುಗಿಸಿ. ನಾನಿಲ್ಲಿ ದರ ಬರೆಯುತ್ತಿಲ್ಲ, ಪ್ರತಿ ಹಂಗಾಮಿಗೂ ಅದು ಬದಲಾಗುತ್ತದೆ. ನಾವು ಎಲ್‌ಟಿಸಿ ಟಿಕೆಟ್ ಬಿಟ್ಟು ಒಂದು ಲಕ್ಷ ಎಂದು ಗೆರೆ ಎಳೆದುಕೊಂಡಿದ್ದೆವು, ದಾಟಲಿಲ್ಲ.

ನಮಗೆ ಸಿಕ್ಕ ಹಿರಿಯ ಕಾಶ್ಮೀರಿ ಮಾಸ್ತರರು ಮೊದಲ ಅರ್ಧ ದಿನ ಇಳಿಜಾರಿನ ಹತ್ತಿರವೇ ಬಿಡಲಿಲ್ಲ. ಒಂದೇ ಕಾಲಿಗೆ ಹಲಗೆ ಕಟ್ಟಿಸಿ ಸಮನೆಲದಲ್ಲಿ ನಡೆಸಿದರು. ಆಮೇಲೆ ಏಡಿಯಂತೆ ಅಡ್ಡಡ್ಡ ಹೆಜ್ಜೆಯಿಟ್ಟು ಹತ್ತುವುದು. ಆಮೇಲೆ ಬೀಳುವುದು! ಹಿಂದಕ್ಕಲ್ಲ, ಪಕ್ಕಕ್ಕೆ, ಕೂರುವ ಹಾಗೆ. ಏಳುವಾಗ ಎರಡೂ ಹಲಗೆಯನ್ನು ಇಳಿಜಾರಿಗೆ ಅಡ್ಡವಾಗಿ ನಿಮಗಿಂತ ಕೆಳಗಿಟ್ಟುಕೊಂಡು ಏಳಬೇಕು, ಇಲ್ಲದಿದ್ದರೆ ಎದ್ದ ಕ್ಷಣವೇ ಜಾರಿ ಹೊರಡುತ್ತೀರಿ. ಕೊನೆಗೆ ಬ್ರೇಕು: ಹಲಗೆಗಳ ಮೂತಿ ಹತ್ತಿರ, ಬಾಲ ದೂರ. ಮಕ್ಕಳಿಗೆ ಅವರು "ಪಿಝಾ, ಪಿಝಾ" ಎಂದು ಕೂಗುತ್ತಿದ್ದರು. ಮಗ ಅದನ್ನು ಕೂಡಲೇ ಹಿಡಿದ. ನಮ್ಮ ಯಜಮಾನರು ಮಾತ್ರ ಭಯಕ್ಕೆ ಹಿಂದಕ್ಕೆ ವಾಲಿ ವಾಲಿ ಕೂತರು. ಭಾರ ಹಿಂದೆ ಬಿದ್ದಷ್ಟೂ ಹಲಗೆ ಮುಂದೆ ಓಡುತ್ತದೆ, ಮೊಣಕಾಲ ಕೆಳಗಿನ ಎಲುಬು ಬೂಟಿನ ಮುಂಭಾಗಕ್ಕೆ ಒತ್ತಿಕೊಂಡೇ ಇರಬೇಕು. ಇದು ನನ್ನ ತಲೆಗೆ ಬೇಗ ಹೋಯಿತು, ಕಾಲಿಗೆ ನಿಧಾನಕ್ಕೆ.

ಬೆಟ್ಟದ ಮೇಲಕ್ಕೆ ಒಯ್ಯುವ ಕೇಬಲ್ ಕಾರಿನ, ಅಂದರೆ ಗೊಂಡೋಲಾದ ಟಿಕೆಟ್ ಮೊದಲೆರಡು ದಿನ ಕೊಳ್ಳಬೇಡಿ. ಹೊಸಬರ ಜಾಗ ಕೆಳಗಿನ ಹುಲ್ಲುಗಾವಲೇ, ಅದೇ 2,650 ಮೀಟರ್ ಎತ್ತರದಲ್ಲಿದೆ, ಕೆಲವರಿಗೆ ಅಲ್ಲೇ ತಲೆನೋವು. ಮೊದಲ ಹಂತ ಕೊಂಗ್ಡೂರಿಗೆ ಒಂದು ದಿನ ನೋಡಲೆಂದು ಹೋಗಿ ಬನ್ನಿ. ಎರಡನೇ ಹಂತ 3,900 ಮೀಟರ್ ದಾಟಿದ ಅಫರ್ವಟ್‌ನದು, ಅಲ್ಲಿಂದ ಸ್ಕೀಯಲ್ಲಿ ಇಳಿಯುವುದು ಪಳಗಿದವರ ಕೆಲಸ. 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಅಲ್ಲಿನ ಹಿಮಕುಸಿತಕ್ಕೆ ಸಿಕ್ಕಿ ಸತ್ತರು.

ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಇದಕ್ಕಿಂತ ಅಗ್ಗದ ದಾರಿಯಿದೆ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ತರಬೇತಿ ನಡೆಸುತ್ತವೆ. ಅಲ್ಲಿ ಕಲಿತವರ ಬುನಾದಿಯೇ ಬೇರೆ.

ಸಣ್ಣಪುಟ್ಟವು ಇನ್ನು ಮೂರು. ನಮ್ಮ ಊರಿನ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ವಿಮೆ ಮಾಡಿಸುವುದಾದರೆ ಸ್ಕೀಯಿಂಗ್ ಸೇರಿದೆಯೇ ಎಂದು ಪಾಲಿಸಿಯಲ್ಲಿ ಓದಿಯೇ ಸಹಿ ಹಾಕಿ. ವಾಪಸ್ಸು ಬರುವ ಟಿಕೆಟ್ಟಿಗೆ ಒಂದು ದಿನ ಬಿಡುವಿಟ್ಟುಕೊಳ್ಳಿ, ಶ್ರೀನಗರದಲ್ಲಿ ಹಿಮ ಬಿದ್ದರೆ, ದೆಹಲಿಯಲ್ಲಿ ಮಂಜು ಮುಸುಕಿದರೆ ವಿಮಾನ ಏಳುವುದಿಲ್ಲ.

ನಾವು ಹೋದಾಗ ರೈಲಿನ ಮುಂಗಡ ಬುಕಿಂಗ್ 120 ದಿನ ಇತ್ತು. 2024ರ ನವೆಂಬರ್‌ನಿಂದ ಅದು 60 ದಿನ. ಫೆಬ್ರುವರಿ ಎರಡನೇ ವಾರ ಹೊರಡುವವರಿಗೆ ಬುಕಿಂಗ್ ತೆರೆಯುವುದು ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಎಂಟಕ್ಕೆ. ಅಷ್ಟರೊಳಗೆ ಶಾಲೆಯ ರಜೆ, ಆಫೀಸಿನ ರಜೆ ಎರಡೂ ಮಂಜೂರು ಮಾಡಿಸಿಕೊಂಡಿರಿ.