ಕಾರ್ಡಿನ ಬೆನ್ನ ಮೇಲಿನ ಆರು ಜಾಗಗಳು

2020ರ ಸೆಪ್ಟೆಂಬರ್ 17ರಂದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ 699 ಡಾಲರ್ ಬೆಲೆಗೆ ಮಾರಾಟಕ್ಕೆ ಬಂತು. ಬಂದ ಸರಕೆಲ್ಲ ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಆದರೆ ಕೊಂಡವರಲ್ಲಿ ಒಂದಷ್ಟು ಜನಕ್ಕೆ ಮೊದಲ ವಾರದಲ್ಲೇ ಒಂದೇ ಬಗೆಯ ಕಾಟ ಶುರುವಾಯಿತು. ಆಟ ಚೆನ್ನಾಗಿ ಓಡುತ್ತಿರುತ್ತದೆ. ಇದ್ದಕ್ಕಿದ್ದಂತೆ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸುತ್ತದೆ. ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ, ಕಾರ್ಡ್ ಅತಿಯಾಗಿ ಕಾದದ್ದೂ ಇಲ್ಲ.

ಮೊದಲ ಅನುಮಾನ ಪವರ್ ಸಪ್ಲೈ ಮೇಲೆ ಹೋಯಿತು. ಹೋಗಬೇಕಾದದ್ದೇ. ಈ ಕಾರ್ಡ್ 320 ವ್ಯಾಟ್ ಬೇಡುತ್ತಿತ್ತು, ಕನಿಷ್ಠ 750 ವ್ಯಾಟಿನ ಸಪ್ಲೈ ಇರಲಿ ಎಂದು ಎನ್‌ವಿಡಿಯಾವೇ ಹೇಳಿತ್ತು. ಆದರೆ ಅದಕ್ಕಿಂತ ದೊಡ್ಡ ಸಪ್ಲೈ ಇದ್ದವರ ಕಂಪ್ಯೂಟರುಗಳಲ್ಲೂ ಆಟ ನಿಲ್ಲುತ್ತಿತ್ತು. ರ‍್ಯಾಮ್ ಬದಲಾಯಿಸಿದರು, ವಿಂಡೋಸ್ ಹೊಸದಾಗಿ ಹಾಕಿದರು, ಹಳೆಯ ಡ್ರೈವರಿನ ಕುರುಹೂ ಉಳಿಯದಂತೆ ಅಳಿಸಿ ಮತ್ತೆ ಹಾಕಿದರು. ಕಾಟ ಯಾವುದಕ್ಕೂ ಬಗ್ಗಲಿಲ್ಲ.

ಸುಳಿವು ಸಿಕ್ಕಿದ್ದು ಕ್ಲಾಕ್ ಸ್ಪೀಡಿನಲ್ಲಿ, ಅಂದರೆ ಕಾರ್ಡಿನ ಚಿಪ್ಪು ನಡೆಯುವ ವೇಗದಲ್ಲಿ. ಆಟ ಆಡುವಾಗ ಪರದೆಯ ಮೂಲೆಯಲ್ಲಿ ಕಾರ್ಡಿನ ಮೆಗಾಹರ್ಟ್ಸ್ ತೋರಿಸುವ ಸಣ್ಣ ಪ್ರೋಗ್ರಾಂಗಳಿವೆ. ಅವನ್ನೇ ನೋಡುತ್ತ ಕೂತವರಿಗೆ ಒಂದು ಸಂಗತಿ ಎದ್ದು ಕಂಡಿತು: ವೇಗ 2000 ಮೆಗಾಹರ್ಟ್ಸ್‌ನ ಆಸುಪಾಸಿಗೆ ಏರಿದಾಗಲೇ ಆಟ ಬೀಳುತ್ತಿತ್ತು. 50ರಿಂದ 100 ಮೆಗಾಹರ್ಟ್ಸ್ ಇಳಿಸಿದರೆ ಅದೇ ಕಾರ್ಡ್, ಅದೇ ಆಟ, ಒಂದು ತಕರಾರಿಲ್ಲದೆ ಓಡುತ್ತಿತ್ತು. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಈ ಘಟ್ಟ. ಲ್ಯಾಬ್ ಇಲ್ಲ, ಆಸಿಲೋಸ್ಕೋಪ್ ಇಲ್ಲ. ಮಿಕ್ಕದ್ದನ್ನೆಲ್ಲ ಇದ್ದಂತೆಯೇ ಬಿಟ್ಟು ಒಂದನ್ನು ಮಾತ್ರ ಬದಲಾಯಿಸಿ ನೋಡಿದ ಸಾಮಾನ್ಯ ಬಳಕೆದಾರರು ದೋಷವನ್ನು ಅಷ್ಟು ಕಿರಿದಾದ ಜಾಗಕ್ಕೆ ತಂದು ನಿಲ್ಲಿಸಿದ್ದರು.

ಈ ಕಾರ್ಡಿಗೆ ಎನ್‌ವಿಡಿಯಾ ನಮೂದಿಸಿದ ಬೂಸ್ಟ್ ವೇಗ 1710 ಮೆಗಾಹರ್ಟ್ಸ್. 2000ಕ್ಕೆ ಏರಿಸಿದವರು ಯಾರು? ಚಿಪ್ಪೇ. ಶಾಖ ಹತೋಟಿಯಲ್ಲಿದೆ, ವಿದ್ಯುತ್ತಿನ ಮಿತಿ ಇನ್ನೂ ಮುಟ್ಟಿಲ್ಲ ಎಂದು ಕಂಡರೆ ಅದು ತಾನಾಗಿಯೇ ಮೆಟ್ಟಿಲು ಮೆಟ್ಟಿಲಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗೆ ಏರಿದ ಹೊತ್ತಿನಲ್ಲಿ ಆಟದ ದೃಶ್ಯ ಬದಲಾಗಿ ಹೊರೆ ಧುತ್ತನೆ ಹೆಚ್ಚಿದರೆ, ಸುಮಾರು ಒಂದು ವೋಲ್ಟಿನಲ್ಲಿ ನಡೆಯುವ ಆ ಚಿಪ್ಪಿಗೆ ಕಣ್ಣೆವೆ ಇಕ್ಕುವುದಕ್ಕಿಂತ ಬಹಳ ಮೊದಲೇ ಭಾರೀ ಕರೆಂಟ್ ಒದಗಬೇಕು. ವೋಲ್ಟೇಜ್ ಒಂದಿಷ್ಟು ಕುಸಿದರೂ ಲೆಕ್ಕ ತಪ್ಪುತ್ತದೆ.

ಆ ಕ್ಷಣಕ್ಕೆ ನೆರವಾಗಬೇಕಾದವು ಚಿಪ್ಪಿನ ನೇರ ಹಿಂಬದಿಯಲ್ಲಿ ಕೂರುವ ಕೆಪಾಸಿಟರುಗಳು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಜರ್ಮನಿಯ ಹಾರ್ಡ್‌ವೇರ್ ಪರೀಕ್ಷಕ ಇಗೊರ್ ವಾಲೊಸೆಕ್ ಬೆರಳಿಟ್ಟು ತೋರಿಸಿದ್ದು ಅವನ್ನೇ. ಕಾರ್ಡಿನ ಬೆನ್ನ ಮೇಲೆ ಆರು ಜಾಗಗಳಿವೆ. ಪ್ರತಿ ಜಾಗದಲ್ಲಿ ಒಂದು ದಪ್ಪ ಪಾಲಿಮರ್ ಕೆಪಾಸಿಟರ್ ಕೂರಿಸಬಹುದು, ಇಲ್ಲವೇ ಹತ್ತು ಪುಟ್ಟ ಸೆರಾಮಿಕ್ ಕೆಪಾಸಿಟರುಗಳ ಗುಂಪು. ಊರ ಕೆರೆ ಎಷ್ಟೇ ತುಂಬಿರಲಿ, ಒಲೆಯ ಮುಂದೆ ಕೂತವರ ಕೈಗೆ ತಕ್ಷಣ ಸಿಗುವುದು ಪಕ್ಕದ ಬಿಂದಿಗೆಯ ನೀರು. ಅತಿ ವೇಗದ ಏರಿಳಿತಕ್ಕೆ ಸೆರಾಮಿಕ್ ಗುಂಪು ಒದಗುವುದು ಹಾಗೆ. ಎನ್‌ವಿಡಿಯಾದ ಸ್ವಂತ ಕಾರ್ಡಿನಲ್ಲಿ ನಾಲ್ಕು ಪಾಲಿಮರ್, ಎರಡು ಸೆರಾಮಿಕ್ ಗುಂಪು ಇದ್ದವು. ಅದೇ ಚಿಪ್ಪು ಬಳಸುವ ಬೇರೆ ತಯಾರಕರ ಕೆಲವು ಕಾರ್ಡುಗಳಲ್ಲಿ ಆರಕ್ಕೆ ಆರೂ ಪಾಲಿಮರ್.

ಆಗಲೇ, ಅಂಥ ಕಾರ್ಡ್ ತಯಾರಿಸುತ್ತಿದ್ದ ಇವಿಜಿಎ ಕಂಪನಿ ಒಂದು ವಿಷಯ ಬಿಚ್ಚಿಟ್ಟಿತು: ಆರೂ ಪಾಲಿಮರ್ ಇದ್ದ ವಿನ್ಯಾಸ ನಮ್ಮದೇ ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಕಾರಣ ಹುಡುಕಲು ಹೆಚ್ಚುಕಡಿಮೆ ಒಂದು ವಾರ ಹಿಡಿಯಿತು, ಎರಡನ್ನು ತೆಗೆದು 20 ಸೆರಾಮಿಕ್ ಹಾಕಿದ ಮೇಲೆಯೇ ಕಾರ್ಡುಗಳನ್ನು ಹೊರಗೆ ಕಳಿಸಿದೆವು, ತಡವಾದದ್ದು ಅದಕ್ಕೇ ಎಂದು. ವ್ಯಾಪಾರದ ಮೊದಲ ದಿನಗಳನ್ನು ಕಳೆದುಕೊಂಡು ಹೀಗೆ ಮಾಡಿದ್ದು ದೊಡ್ಡ ಮಾತು.

ಅಪರಾಧಿ ಸಿಕ್ಕಿಬಿದ್ದ ಎಂದು ಜನ ತಮ್ಮ ಕಾರ್ಡಿನ ಬೆನ್ನು ತಿರುಗಿಸಿ ಎಣಿಸತೊಡಗಿದರು. ಆದರೆ ಸೆರಾಮಿಕ್ ಗುಂಪುಗಳಿದ್ದ ಕಾರ್ಡುಗಳಿಂದಲೂ ದೂರು ಬಂದಿತ್ತು. ಚಿಪ್ಪುಗಳನ್ನು ನಿಗದಿತ ವೇಗ ಮೀರಿ ಓಡಿಸುವ ಓವರ್‌ಕ್ಲಾಕಿಂಗ್‌ನಲ್ಲಿ ಹೆಸರಾದ ಜರ್ಮನಿಯ ಡೆರ್‌ಬಾವರ್ ಒಂದು ಕಾರ್ಡಿನ ಎರಡು ಪಾಲಿಮರ್ ಕೆಪಾಸಿಟರುಗಳನ್ನು ಬಿಚ್ಚಿ, ಆ ಜಾಗದಲ್ಲಿ ಸೆರಾಮಿಕ್ ಗುಂಪುಗಳನ್ನು ಬೆಸುಗೆ ಹಾಕಿ ಅಳೆದರು. ಲಾಭ ಸುಮಾರು 30 ಮೆಗಾಹರ್ಟ್ಸ್. ಕೆಪಾಸಿಟರಿನ ವಾದ ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ.

ಸೆಪ್ಟೆಂಬರ್ 28ರಂದು ಎನ್‌ವಿಡಿಯಾ 456.55 ಡ್ರೈವರ್ ಬಿಡುಗಡೆ ಮಾಡಿತು. ವೇಗದ ತುತ್ತತುದಿಯ ನೆಗೆತಗಳು ತಗ್ಗಿದವು, ಆಟದ ಓಟ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಬಹುಪಾಲು ಕಾರ್ಡುಗಳಲ್ಲಿ ಕ್ರ್ಯಾಶ್ ನಿಂತಿತು. ಕೆಪಾಸಿಟರಿನ ಬಗೆಯೊಂದನ್ನೇ ನೋಡಿ ಗುಣಮಟ್ಟ ಅಳೆಯಬಾರದು ಎಂದು ಕಂಪನಿ ಹೇಳಿತು. ನನ್ನ ತೀರ್ಮಾನವೂ ಬಹುಮಟ್ಟಿಗೆ ಅದೇ: ಚಿಪ್ಪು ಅಂಚಿಗೆ ತೀರ ಹತ್ತಿರ ಓಡುತ್ತಿತ್ತು, ಕೆಪಾಸಿಟರ್ ಆ ಅಂಚನ್ನು ಒಂದಿಷ್ಟು ಆಚೆ ಈಚೆ ಸರಿಸುತ್ತಿತ್ತು, ಅಷ್ಟೇ.

ಹೊಸ ಕಾರ್ಡ್ ಹಾಕಿದ ಮೇಲೆ ನಿಮ್ಮ ಕಂಪ್ಯೂಟರ್ ಬೀಳುತ್ತಿದ್ದರೆ ಮೊದಲು ಹಳೆಯ ಡ್ರೈವರ್ ಪೂರ್ತಿ ಅಳಿಸಿ ಹೊಸದನ್ನು ಹಾಕಿ. ಕಾರ್ಡಿನಲ್ಲಿ ಒಂದಕ್ಕಿಂತ ಹೆಚ್ಚು ಪವರ್ ಸಾಕೆಟ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಕೇಬಲ್ ಎಳೆಯಿರಿ. ಆಮೇಲೆ ವೇಗವನ್ನು 50 ಮೆಗಾಹರ್ಟ್ಸ್ ಇಳಿಸಿ ನೋಡಿ. ಕ್ರ್ಯಾಶ್ ನಿಂತರೆ ಅಲ್ಲಿಗೇ ಸುಮ್ಮನಾಗಬೇಡಿ. ಇಳಿಸದೆಯೂ ಓಡಬೇಕಾದ ಕಾರ್ಡಿಗೆ ನೀವು ದುಡ್ಡು ಕೊಟ್ಟಿದ್ದೀರಿ. ಎಷ್ಟು ಇಳಿಸಿದಾಗ ನಿಂತಿತು ಎಂಬುದನ್ನು ಬರೆದಿಟ್ಟುಕೊಂಡು, ವಾರಂಟಿ ಮುಗಿಯುವ ಮೊದಲೇ ಕಾರ್ಡ್ ಬದಲಾಯಿಸಿಕೊಡಿ ಎಂದು ಕೇಳಿ.